ನಾಲ್ಕೂವರೆ ತಿಂಗಳು ಕೂತ ಪೆಟ್ರೋಲ್: ಫೋಂಡಾದ ಒಂದು ಪ್ರಕರಣ

ಗೋವಾದ ಫೋಂಡಾ ತಾಲ್ಲೂಕಿನಲ್ಲಿ ನಾನು ಸಣ್ಣ ಎಂಜಿನ್‌ಗಳ ರಿಪೇರಿ ಅಂಗಡಿ ಇಟ್ಟುಕೊಂಡು ಹದಿನಾಲ್ಕು ವರ್ಷಗಳಾದವು. ನನ್ನಲ್ಲಿಗೆ ಬರುವ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಮಂದಿ ಗದಗ, ಬಾಗಲಕೋಟೆ, ಹಾವೇರಿ ಕಡೆಯಿಂದ ಬಂದು ಇಲ್ಲಿ ತೋಟದ ಕೆಲಸ, ಹುಲ್ಲು ಸವರುವ ಕೆಲಸ ಹಿಡಿದವರು. ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬ ಗುತ್ತಿಗೆದಾರರ ಪ್ರಕರಣ. ರೋಣ ತಾಲ್ಲೂಕಿನ ಈ ಹಿರಿಯರನ್ನು ಅವರ ಹುಡುಗರೆಲ್ಲ ಕಾಕಾ ಎಂದೇ ಕರೆಯುವುದರಿಂದ ನಾನೂ ಹಾಗೇ ಕರೆಯುತ್ತೇನೆ. ಅವರ ಬಳಿ ಹತ್ತು ಎಂಜಿನ್‌ಗಳಿವೆ: ಆರು ಟು-ಸ್ಟ್ರೋಕ್ ಬ್ರಷ್ ಕಟರ್ (ಹುಲ್ಲು, ಪೊದೆ ಸವರುವ ಕೈಯಂತ್ರ), ಎರಡು ಫೋರ್-ಸ್ಟ್ರೋಕ್ ಬ್ರಷ್ ಕಟರ್, ಒಂದು ಸಣ್ಣ ಪೆಟ್ರೋಲ್ ಜನರೇಟರ್, ಒಂದು ನೀರೆತ್ತುವ ಪಂಪು.

ಅವರ ಕೆಲಸದ ವರ್ಷ ಮಳೆಯೊಂದಿಗೆ ಶುರುವಾಗುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ವಸತಿ ಸಂಕೀರ್ಣಗಳ, ಬಂಗಲೆಗಳ ಅಂಗಳದ ಹುಲ್ಲು. ಡಿಸೆಂಬರ್-ಜನವರಿಯಲ್ಲಿ, ಗೇರುಬೀಜ ಉದುರುವ ಮೊದಲೇ ಗುಡ್ಡದ ಅಡಿಗಿಡಗಳನ್ನು ಸವರಿ ನೆಲ ಬಯಲು ಮಾಡುವ ಕೆಲಸ. ಫೆಬ್ರವರಿಯಿಂದ ಮೇ ಮುಗಿಯುವವರೆಗೆ ಯಂತ್ರಗಳು ಬಹುಪಾಲು ತಗಡಿನ ಶೆಡ್ಡಿನಲ್ಲಿ ಸುಮ್ಮನೆ ಕೂತಿರುತ್ತವೆ, ಹುಡುಗರು ಊರಿಗೆ ಹೋಗಿರುತ್ತಾರೆ. ಜೂನ್ ಎರಡನೇ ವಾರ ಅವರು ಟೆಂಪೋ ತುಂಬ ಯಂತ್ರಗಳನ್ನು ಹೇರಿಕೊಂಡು ಬಂದು ಇಳಿಸಿದರು. ಹತ್ತರಲ್ಲಿ ಆರು ಚಾಲೂ ಆಗಿರಲಿಲ್ಲ.

"ಹಗ್ಗಾ ಎಳದ್ ಎಳದ್ ಹುಡುಗರ ರಟ್ಟಿ ಬಿದ್ದು ಹೋದ್ವು ನೋಡ್ರಿ ಸರ. ಈ ಸಲಾ ಔಷಧಾನೂ ಹಾಕಿ ಇಟ್ಟಿದ್ದೆ. ಆ ಬಾಟ್ಲಿ ಡುಪ್ಲಿಕೇಟ್ ಇರಬೇಕ್ರಿ," ಎಂದರು ಕಾಕಾ.

ಔಷಧವೆಂದರೆ ಆನ್‌ಲೈನ್‌ನಲ್ಲಿ ತರಿಸಿದ ಫ್ಯುಯೆಲ್ ಸ್ಟೆಬಿಲೈಸರ್, ನಿಂತ ಪೆಟ್ರೋಲ್ ಬೇಗ ಕೆಡದಂತೆ ಬೆರೆಸುವ ದ್ರವ. ಬಾಟಲಿಯನ್ನೂ ಜೊತೆಗೇ ತಂದಿದ್ದರು. ಅದು ನಕಲಿ ಎಂದು ಹೇಳಲು ನನಗೆ ಕಾರಣ ಕಾಣಲಿಲ್ಲ. ಅದನ್ನು ಯಾವಾಗ, ಯಾವುದಕ್ಕೆ, ಎಷ್ಟು ಹಾಕಿದಿರಿ ಎಂದು ಕೇಳಿದಾಗ ಬಂದ ಉತ್ತರದಲ್ಲಿಯೇ ಅರ್ಧ ಪ್ರಕರಣ ಬಯಲಾಯಿತು. ಡಿಸೆಂಬರ್ ಮೊದಲಿನಲ್ಲಿ ತುಂಬಿಸಿದ 20 ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಜನವರಿ ಕೊನೆಗೆ ಸುಮಾರು ಏಳು ಲೀಟರ್ ಉಳಿದಿತ್ತು. ಅದಕ್ಕೆ 'ಒಂದು ಮುಚ್ಚಳ' ಔಷಧ ಹೊಯ್ದು, ಅಲ್ಲಾಡಿಸಿ, ಒಂದಿಷ್ಟನ್ನು ಜನರೇಟರಿಗೂ ಪಂಪಿಗೂ ಹಾಕಿ, ಉಳಿದದ್ದಕ್ಕೆ 2ಟಿ ಆಯಿಲ್ (ಟು-ಸ್ಟ್ರೋಕ್ ಎಂಜಿನ್ನಿನ ಒಳಭಾಗ ಸವೆಯದಂತೆ ಪೆಟ್ರೋಲಿನಲ್ಲೇ ಸೇರಿಸುವ ಎಣ್ಣೆ) ಬೆರೆಸಿ ಬ್ರಷ್ ಕಟರ್‌ಗಳಿಗೆ ತುಂಬಿ, ಮುಚ್ಚಳ ಬಿಗಿದು ಇಟ್ಟಿದ್ದರು. ಫೋರ್-ಸ್ಟ್ರೋಕ್ ಕಟರ್‌ಗಳೆರಡು ಮಾತ್ರ ಒಬ್ಬ ಹುಡುಗನ ಉದಾಸೀನದಿಂದ ಖಾಲಿ ಟ್ಯಾಂಕಿನಲ್ಲೇ ಉಳಿದುಬಿಟ್ಟಿದ್ದವು. ಆ ಎರಡೂ ಜೂನ್‌ನಲ್ಲಿ ಮೂರನೇ ಎಳೆತಕ್ಕೆ ಚಾಲೂ ಆದವೆಂಬುದನ್ನು ಕಾಕಾ ದೂರಿನ ದನಿಯಲ್ಲಿ ಹೇಳಿದರು. ನನಗೆ ಅದೇ ಮೊದಲ ಸುಳಿವಾಯಿತು.

ಕೆಟ್ಟ ಆರು ಯಂತ್ರಗಳ ಪೆಟ್ರೋಲನ್ನು ಒಂದೊಂದಾಗಿ ಗಾಜಿನ ಜಾಡಿಗಳಿಗೆ ಇಳಿಸಿ, ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಬೆಳಕಿಗೆ ಹಿಡಿದು ನೋಡಿದೆ. ಸಣ್ಣ ಎಂಜಿನ್ ರಿಪೇರಿಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಗಸ್ತ ಪರೀಕ್ಷೆ ಇಲ್ಲವೆಂದೇ ನನ್ನ ಅಭಿಪ್ರಾಯ. ಮೂರು ಬ್ರಷ್ ಕಟರ್‌ಗಳ ಜಾಡಿಯಲ್ಲಿ 2ಟಿ ಆಯಿಲಿನ ಬಣ್ಣವನ್ನು ಲೆಕ್ಕಕ್ಕೆ ಹಿಡಿದರೂ ಹೆಚ್ಚೆನಿಸುವ ಕಂದು ಛಾಯೆಯಿತ್ತು, ಪೆಟ್ರೋಲಿನ ಚುರುಕು ವಾಸನೆ ಹೋಗಿ ಬಡಗಿಯ ಅಂಗಡಿಯ ವಾರ್ನಿಷ್ ವಾಸನೆ ಬರುತ್ತಿತ್ತು. ಅವುಗಳ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬಿಚ್ಚಿದಾಗ ಒಳಗಿನ ಉಗುರಗಲದ ಜಾಲರಿಯ ಮೇಲೆ ಜೇನಿನ ಬಣ್ಣದ ಜಿಗುಟು ಪೊರೆ ಕಟ್ಟಿತ್ತು, ಪೆಟ್ರೋಲನ್ನು ಎಳೆದುಕೊಡುವ ತೆಳು ಪೊರೆ, ಅಂದರೆ ಡಯಾಫ್ರಮ್, ಒಣಗಿದ ಹಪ್ಪಳದಂತೆ ಬಿರುಸಾಗಿತ್ತು. ನಾಲ್ಕನೇ ಕಟರಿನ ಜಾಡಿಯಲ್ಲಿ ಮಾತ್ರ ಬೇರೆಯೇ ದೃಶ್ಯ ಕಂಡಿತು: ಮೇಲೆ ಹಸಿರು ಛಾಯೆಯ ಎಣ್ಣೆ ಬೆರೆತ ಪೆಟ್ರೋಲ್, ತಳದಲ್ಲಿ ಬೆರಳಗಲದ ಮಸುಕಾದ ಪದರ, ನಡುವೆ ಚಾಕುವಿನಿಂದ ಗೀರಿದಂಥ ಸ್ಪಷ್ಟ ಗೆರೆ. ಜನರೇಟರಿನ ಪೆಟ್ರೋಲ್ ನೋಡಲು ಅಷ್ಟೇನೂ ಕೆಟ್ಟಿರಲಿಲ್ಲ, ಆದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಾದ ಫ್ಲೋಟ್ ಬೌಲ್‌ನ ತಳದಲ್ಲಿ ಸುಣ್ಣದಂಥ ಬಿಳಿ ಪುಡಿ ಕೂತಿತ್ತು, ಪೆಟ್ರೋಲ್ ಹಾಯುವ, ಅರ್ಧ ಮಿಲಿಮೀಟರಿಗಿಂತಲೂ ಸಣ್ಣ ತೂತಿನ ಪೈಲಟ್ ಜೆಟ್ ಪೂರ್ತಿ ಮುಚ್ಚಿಕೊಂಡಿತ್ತು. ಪಂಪಿನ ಬೌಲ್ ಒಣಗಿ, ತಳದಲ್ಲಿ ಅಂಟಿನ ಕಲೆಯಷ್ಟೇ ಉಳಿದಿತ್ತು.

'ಪೆಟ್ರೋಲ್ ಹಳತಾಯಿತು' ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ವಾಸ್ತವದಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳು, ಮೂರಕ್ಕೂ ಒಂದೇ ಬಾಟಲಿಯಲ್ಲಿ ಮದ್ದಿಲ್ಲ.

ಮೊದಲನೆಯದು ಆವಿಯಾಗುವಿಕೆ. ಪೆಟ್ರೋಲ್ ಒಂದೇ ದ್ರವವಲ್ಲ, ಹಗುರವಾದವೂ ಭಾರವಾದವೂ ಸೇರಿದ ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ತಣ್ಣಗಿರುವ ಎಂಜಿನ್ನನ್ನು ಹೊತ್ತಿಸುವುದು ಅದರಲ್ಲಿನ ಹಗುರ ಭಾಗ; ಮುಚ್ಚಳ ಸಡಿಲವಿದ್ದರೆ ಮೊದಲು ಹಾರಿಹೋಗುವುದೂ ಅದೇ. ಹಾರಿಹೋದದ್ದನ್ನು ಯಾವ ಸ್ಟೆಬಿಲೈಸರ್ ಕೂಡ ಮರಳಿ ತರಲಾರದು, ಒಳ್ಳೆಯ ಮುಚ್ಚಳವೊಂದೇ ಅದನ್ನು ತಡೆಯುತ್ತದೆ.

ಎರಡನೆಯದು ಆಕ್ಸಿಡೀಕರಣ, ಅಂದರೆ ಗಾಳಿಯ ಆಮ್ಲಜನಕದೊಡನೆ ಪೆಟ್ರೋಲಿನ ಅಸ್ಥಿರ ಅಣುಗಳು, ಮುಖ್ಯವಾಗಿ ಒಲಿಫಿನ್‌ಗಳು, ಸೇರಿ ಮೊದಲು ಪೆರಾಕ್ಸೈಡ್‌ಗಳಾಗಿ, ಬಳಿಕ ಅಂಟಾಗಿ ಗಟ್ಟಿಯಾಗುವುದು. ಸ್ಟೆಬಿಲೈಸರಿನ ನಿಜವಾದ ಕೆಲಸ ಇರುವುದು ಇಲ್ಲಿ. ಅದರಲ್ಲಿರುವ ಫಿನಾಲ್ ಅಥವಾ ಫಿನೈಲೀನ್‌ಡೈಅಮೀನ್ ಜಾತಿಯ ಆಂಟಿ-ಆಕ್ಸಿಡೆಂಟ್‌ಗಳು ಈ ಸರಣಿ ಕ್ರಿಯೆಯನ್ನು ಅದರ ಆರಂಭದಲ್ಲಿಯೇ ಮುರಿಯುತ್ತವೆ. ಒಮ್ಮೆ ಅಂಟು ಕಟ್ಟಿದ ಮೇಲೆ ಅವು ಅದನ್ನು ಬಿಡಿಸುವುದಿಲ್ಲ. ತಾಮ್ರದ ಸೋಂಕು ಈ ಕ್ರಿಯೆಯನ್ನು ಚುರುಕುಗೊಳಿಸುವುದರಿಂದ ಉತ್ತಮ ಬಾಟಲಿಗಳಲ್ಲಿ ಲೋಹದ ಪ್ರಭಾವವನ್ನು ತಡೆಯುವ ಅಂಶವೂ ಇರುತ್ತದೆ. ಸಂಸ್ಕರಣಾಗಾರದಿಂದ ಹೊರಬರುವ ಪೆಟ್ರೋಲಿನಲ್ಲಿಯೇ ಒಂದಿಷ್ಟು ಆಂಟಿ-ಆಕ್ಸಿಡೆಂಟ್ ಇರುತ್ತದೆ. ಅದರ ತಾಳಿಕೆಯನ್ನು ಅಳೆಯುವ ಎ.ಎಸ್.ಟಿ.ಎಂ. (ಅಮೆರಿಕ ಮೂಲದ ಮಾನಕ ಸಂಸ್ಥೆ) ಡಿ 525 ಎಂಬ ಪರೀಕ್ಷೆಯಲ್ಲಿ ಪೆಟ್ರೋಲನ್ನು ಒತ್ತಡದ ಆಮ್ಲಜನಕದೊಡನೆ ಮುಚ್ಚಿದ ಪಾತ್ರೆಯಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅದು ಆಮ್ಲಜನಕವನ್ನು ಹೀರತೊಡಗುವವರೆಗೆ ಎಷ್ಟು ನಿಮಿಷ ತಡೆಯಿತೆಂದು ನೋಡುತ್ತಾರೆ. ನಾವು ಬಾಟಲಿಯಿಂದ ಸೇರಿಸುವುದು ಈ ತಡೆಯುವ ಶಕ್ತಿಯನ್ನೇ. ಏಪ್ರಿಲ್-ಮೇ ತಿಂಗಳಲ್ಲಿ ಫೋಂಡಾದ ತಗಡಿನ ಶೆಡ್ಡಿನ ಒಳಗಿನ ಶಾಖವನ್ನು ಬಲ್ಲವರಿಗೆ ಆ ಶಕ್ತಿ ಅಲ್ಲಿ ಎಷ್ಟು ಬೇಗ ಖರ್ಚಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಎಥನಾಲ್ ಎಂಬ ಆಲ್ಕೋಹಾಲ್ ಮತ್ತು ನೀರಿನ ನಂಟು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಬೆರೆಸಲು 2030ರ ಗುರಿ ಇಟ್ಟಿತ್ತು. 2022ರ ತಿದ್ದುಪಡಿ ಆ ಗುರಿಯನ್ನು 2025-26ಕ್ಕೆ ಎಳೆಯಿತು, ಫೆಬ್ರವರಿ 2023ರಲ್ಲಿ ಇ20, ಅಂದರೆ ಆ ಶೇ. 20ರ ಮಿಶ್ರಣ, ಪೆಟ್ರೋಲ್ ಬಂಕುಗಳಿಗೆ ಬರತೊಡಗಿತು. ಕಾಕಾ ತಮ್ಮ ಕೆಲಸ ಕಲಿತ ಕಾಲದ ಪೆಟ್ರೋಲ್ ಇದಲ್ಲ. ಅವರಿಗೆ ಇದನ್ನು ಬಾಯಲ್ಲಿ ಹೇಳುವ ಬದಲು ಅಳತೆಯ ಗಾಜಿನ ಕೊಳವೆಯಲ್ಲಿ 10 ಮಿ.ಲೀ. ನೀರು, 90 ಮಿ.ಲೀ. ಹೊಸ ಪೆಟ್ರೋಲ್ ಹಾಕಿ, ಕುಲುಕಿ, ಕಟ್ಟೆಯ ಮೇಲಿಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ, 10ರಲ್ಲಿ ನಿಲ್ಲಬೇಕಿದ್ದ ಕೆಳಪದರ 27ರ ಗೆರೆಯ ಹತ್ತಿರ ನಿಂತಿತ್ತು. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಕಡೆ ಹೋಗಿತ್ತು. "ಅಂದ್ರ ಇದು ನೀರ ಕಂಡ್ರ ಪಾರ್ಟಿ ಬದಲಿ ಮಾಡತೈತಿ," ಎಂದರು ಕಾಕಾ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಆದರೆ ಇಲ್ಲಿ ಒಂದು ಅತಿಶಯೋಕ್ತಿಯನ್ನು ತಿದ್ದಬೇಕು. 'ಕರಾವಳಿಯ ತೇವದ ಗಾಳಿಯಿಂದಲೇ ಪೆಟ್ರೋಲಿಗೆ ನೀರು ಸೇರುತ್ತದೆ' ಎಂದು ಎಲ್ಲರೂ ಹೇಳುತ್ತಾರೆ. ಎಥನಾಲ್ ಗಾಳಿಯ ತೇವವನ್ನು ಹೀರುವುದು ಸುಳ್ಳಲ್ಲ. ಹಾಗಿದ್ದರೂ ಶೇ. 10ರ ಮಿಶ್ರಣವೇ ತನ್ನ ಗಾತ್ರದ ಶೇಕಡಾ ಅರ್ಧದಷ್ಟು ನೀರನ್ನು ಪದರ ಬೇರ್ಪಡಿಸದೆ ಕರಗಿಸಿಟ್ಟುಕೊಳ್ಳಬಲ್ಲದು, ಇ20 ಅದಕ್ಕಿಂತಲೂ ಹೆಚ್ಚು. ಬಿಗಿಯಾಗಿ ಮುಚ್ಚಿದ ಒಂದು ಲೀಟರಿನ ಟ್ಯಾಂಕಿಗೆ ಗಾಳಿಯಿಂದ ಅಷ್ಟು ನೀರು ನಾಲ್ಕು ತಿಂಗಳಲ್ಲಿ ನುಗ್ಗಲಾರದು. ನಮ್ಮಲ್ಲಿ ಉತ್ತರದ ಚಳಿಯಂತೆ ತಾಪಮಾನ ದಿಢೀರನೆ ಕುಸಿದು ಪದರ ಒಡೆಯುವ ಸಂದರ್ಭವೂ ಕಡಿಮೆ. ಹಾಗಾಗಿ ಜಾಡಿಯಲ್ಲಿ ಬೆರಳಗಲದ ಪದರ ಕಂಡರೆ ಎಲ್ಲಿಂದಲೋ ನೀರೇ ಸುರಿದಿದೆ ಎಂದು ಹುಡುಕಬೇಕು. ಹುಡುಕಿದೆವು. ನಾಲ್ಕನೇ ಕಟರಿನ ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರ್ ಸೀಳಿತ್ತು, ಅದೊಂದನ್ನು ಮಾತ್ರ ಶೆಡ್ಡಿನ ಹೊರಗೋಡೆಗೆ, ಸೂರಿನ ನೀರು ಬೀಳುವ ಜಾಗದಲ್ಲಿ ತೂಗುಹಾಕಿದ್ದರು. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ನಾಡಿನಲ್ಲಿ ಜೂನ್‌ನ ಮೊದಲ ವಾರವೊಂದೇ ಅದಕ್ಕೆ ಸಾಕು. ಅದು ಚಾಲೂ ಆಗದಿದ್ದುದು ಒಳ್ಳೆಯದೇ ಆಯಿತು: ಟ್ಯಾಂಕಿನ ತಳದಿಂದ ಎಂಜಿನ್ನಿಗೆ ಹೋಗುವುದು ಈ ನೀರು-ಎಥನಾಲ್ ಪದರ, ಅದರಲ್ಲಿ 2ಟಿ ಆಯಿಲ್ ಕರಗುವುದಿಲ್ಲ. ಎಣ್ಣೆಯಿಲ್ಲದೆ ಓಡಿದ ಟು-ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ ಒಳಗೇ ಸಿಕ್ಕಿಕೊಂಡು ಕೂರುತ್ತದೆ.

ಜನರೇಟರಿನ ಬಿಳಿ ಪುಡಿಯೂ ಇದೇ ಕುಟುಂಬದ್ದು. ಎಥನಾಲಿನಲ್ಲಿ ಸೇರಿದ ಸ್ವಲ್ಪ ನೀರು ಸತುವಿನ ಮಿಶ್ರಲೋಹದ ಬೌಲ್‌ ಅನ್ನು ತಿಂದು ಬಿಟ್ಟ ತುಕ್ಕು ಅದು. ಇದನ್ನು ಆಂಟಿ-ಆಕ್ಸಿಡೆಂಟ್ ತಡೆಯುವುದಿಲ್ಲ, ಬಾಟಲಿಯಲ್ಲಿ ತುಕ್ಕುನಿರೋಧಕ ಪ್ರತ್ಯೇಕವಾಗಿ ಇರಬೇಕು.

ಹೀಗೆ ನೋಡಿದಾಗ ಕಾಕಾ ಅವರ ಬಾಟಲಿಯ ಮೇಲಿದ್ದ ಆರೋಪ ಬಿದ್ದುಹೋಯಿತು. ಎರಡು ತಿಂಗಳು ಅರೆಖಾಲಿ ಕ್ಯಾನಿನಲ್ಲಿ ಗಾಳಿ ಕುಡಿದ ಪೆಟ್ರೋಲಿಗೆ ಔಷಧ ಬಿದ್ದದ್ದು, ಅದೂ ಅಳತೆಯಿಲ್ಲದೆ. ಮುಚ್ಚಳವನ್ನು ಸಿರಿಂಜಿನಿಂದ ಅಳೆದು ನೋಡಿದೆ: 8 ಮಿ.ಲೀ. ಹಿಡಿಯಿತು. ಲೇಬಲ್ಲಿನ ಪ್ರಕಾರ ಲೀಟರಿಗೆ 5 ಮಿ.ಲೀ., ಅಂದರೆ ಏಳು ಲೀಟರಿಗೆ 35 ಬೇಕಿತ್ತು. ಕಾಲು ಭಾಗಕ್ಕಿಂತ ಕಡಿಮೆ ಔಷಧ ಹಾಕಿ ರೋಗ ಹೋಗಲಿಲ್ಲವೆಂದರೆ ಔಷಧದ್ದೇನು ತಪ್ಪು?

ಇನ್ನು ಮುಂದಿನ ವರ್ಷಕ್ಕೆ ಯಾವ ಬಾಟಲಿ ಎಂಬ ಪ್ರಶ್ನೆ. ಮಾರುಕಟ್ಟೆಯಲ್ಲಿ ಪೆಟ್ರೋಲಿಗೆ ಹಾಕುವ ಬಾಟಲಿಗಳೆಲ್ಲ ಒಂದೇ ಕಪಾಟಿನಲ್ಲಿ, ಒಂದೇ ಥರದ ಹೊಳೆಯುವ ಲೇಬಲ್ ಹೊತ್ತು ನಿಂತಿರುವುದರಿಂದ ಗೊಂದಲ ಸಹಜ. ಎಂಜಿನ್ನಿನ ಬಡಿತ (ನಾಕಿಂಗ್) ತಡೆಯಲು ಹಾಕುವ ಆಕ್ಟೇನ್ ಬೂಸ್ಟರ್ ಎಂಬುದು ಸಂಗ್ರಹಕ್ಕೆ ಸಂಬಂಧಪಟ್ಟದ್ದೇ ಅಲ್ಲ. ಫ್ಯುಯೆಲ್ ಸಿಸ್ಟಮ್ ಕ್ಲೀನರ್ ಎಂಬುದು ಓಡುತ್ತಿರುವ ಎಂಜಿನ್ನಿನ ಇಂಗಾಲದ ಕಿಟ್ಟ ಬಿಡಿಸುವ ಡಿಟರ್ಜೆಂಟ್. ಅದು ಒಳ್ಳೆಯ ವಸ್ತುವೇ, ಆದರೆ ನಿಂತ ಪೆಟ್ರೋಲನ್ನು ಕಾಯುವುದು ಅದರ ಉದ್ದೇಶವಲ್ಲ. ಮೂರನೆಯದಾಗಿ 'ನೀರು ತೆಗೆಯುತ್ತದೆ' ಎಂದು ಮಾರುವ ಬಾಟಲಿಗಳು. ಇವುಗಳಲ್ಲಿ ಹಲವು ಮೂಲತಃ ಐಸೊಪ್ರೊಪನಾಲಿನಂಥ ಆಲ್ಕೋಹಾಲ್. ಎಥನಾಲ್ ಇಲ್ಲದ ಪೆಟ್ರೋಲಿನ ಕಾಲದಲ್ಲಿ ನಾಲ್ಕು ಹನಿ ನೀರನ್ನು ಕರಗಿಸಿ ಸುಟ್ಟುಬಿಡಲು ಅವು ಉಪಯೋಗಕ್ಕೆ ಬರುತ್ತಿದ್ದವು. ಐದನೇ ಒಂದು ಭಾಗ ಆಲ್ಕೋಹಾಲೇ ಇರುವ ಇ20ಗೆ ಮತ್ತೆರಡು ಚಮಚ ಆಲ್ಕೋಹಾಲ್ ಸೇರಿಸಲು ದುಡ್ಡು ಕೊಡುವುದು ಸಮುದ್ರಕ್ಕೆ ಉಪ್ಪು ಹೊತ್ತಂತೆ. ಬೇರ್ಪಟ್ಟ ಪದರವನ್ನು ಮತ್ತೆ ಒಂದುಗೂಡಿಸುವ ಮಾತನ್ನು ಯಾವ ಲೇಬಲ್ ಹೇಳಿದರೂ ನಾನು ನಂಬುವುದಿಲ್ಲ. ಅಂಥ ಪೆಟ್ರೋಲನ್ನು ಎಂಜಿನ್ನಿನಿಂದ ದೂರವಿಡಬೇಕು, ಬಾವಿಯ ಹತ್ತಿರ ನೆಲಕ್ಕೂ ಮೋರಿಗೂ ಸುರಿಯಬಾರದು.

ಇವನ್ನೆಲ್ಲ ಕಳೆದು ಉಳಿದ ನಿಜವಾದ ಸ್ಟೆಬಿಲೈಸರ್‌ಗಳಲ್ಲಿ ನಾನು ನೋಡಿದ್ದು ಇಷ್ಟು: ಎಥನಾಲ್ ಮಿಶ್ರಣಕ್ಕೆ ಹೊಂದುತ್ತದೆಂದು ಲೇಬಲ್ ಸ್ಪಷ್ಟವಾಗಿ ಹೇಳಬೇಕು, ಆಂಟಿ-ಆಕ್ಸಿಡೆಂಟ್ ಜೊತೆ ತುಕ್ಕುನಿರೋಧಕವೂ ಇರಬೇಕು, 2ಟಿ ಆಯಿಲ್ ಬೆರೆತ ಪೆಟ್ರೋಲಿಗೂ ಹಾಕಬಹುದೆಂದಿರಬೇಕು, ಅಳತೆ ಲೀಟರಿಗೆ ಇಷ್ಟು ಮಿ.ಲೀ. ಎಂದಿರಬೇಕು. ಕೊನೆಯದು ಕ್ಷುಲ್ಲಕವೆನಿಸಬಹುದು. ಗ್ಯಾಲನ್-ಔನ್ಸ್ ಲೆಕ್ಕದ ಲೇಬಲ್ಲನ್ನು ಶೆಡ್ಡಿನಲ್ಲಿ ನಿಂತ ಹುಡುಗ ಓದಿ ಗುಣಿಸುವುದಿಲ್ಲ, ಮುಚ್ಚಳವನ್ನೇ ಅಳತೆ ಮಾಡಿಕೊಳ್ಳುತ್ತಾನೆ. ಕಾಕಾ ಮಾಡಿದ್ದೂ ಅದನ್ನೇ. ಬೆಲೆಯನ್ನು ಬಾಟಲಿಗೆ ನೋಡದೆ, ಕಾಪಾಡುವ ಲೀಟರಿಗೆ ನೋಡಬೇಕು. 250 ಮಿ.ಲೀ. ಬಾಟಲಿಗೆ 650 ರೂಪಾಯಿ, ಲೀಟರಿಗೆ 5 ಮಿ.ಲೀ. ಎಂದಾದರೆ 50 ಲೀಟರಿಗೆ ಸಾಕು, ಲೀಟರಿಗೆ 13 ರೂಪಾಯಿ ಬೀಳುತ್ತದೆ.

ಲೆಕ್ಕ ಇಲ್ಲಿಗೆ ಬಂದಾಗ ನಾನು ಕಾಕಾ ಅವರನ್ನು ಕೇಳಿದ್ದು, ನಿಮಗೆ ಕಾಪಾಡಬೇಕಾದ ಪೆಟ್ರೋಲ್ ನಿಜಕ್ಕೂ ಎಷ್ಟಿದೆ ಎಂದು. ಎಂಟು ಕಟರ್‌ಗಳ ಟ್ಯಾಂಕ್ ಸೇರಿಸಿದರೂ ಆರೇಳು ಲೀಟರ್ ದಾಟುವುದಿಲ್ಲ, ಅವುಗಳ ಕೆಲಸ ಮುಗಿಯುವ ದಿನ ಮೊದಲೇ ಗೊತ್ತಿರುತ್ತದೆ. ಇಂಥ ಕೈಯಂತ್ರಗಳ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದೂ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ ಎಂದೇ. ಒಣಗಿದರೆ ಡಯಾಫ್ರಮ್ ಬಿರುಸಾಗುತ್ತದೆ ಎಂಬ ವಾದವನ್ನು ಮೆಕ್ಯಾನಿಕ್‌ಗಳ ಬಾಯಲ್ಲಿ ಕೇಳಿದ್ದೇನೆ. ಆದರೆ ಅದೇ ಶೆಡ್ಡಿನಲ್ಲಿ ಖಾಲಿ ಕೂತ ಎರಡು ಯಂತ್ರ ಚಾಲೂ ಆಗಿ, ತುಂಬಿಟ್ಟ ಆರು ಟು-ಸ್ಟ್ರೋಕ್ ಕಟರ್‌ಗಳಲ್ಲಿ ನಾಲ್ಕು ಕೆಟ್ಟದ್ದನ್ನು ಕಣ್ಣಾರೆ ಕಂಡ ಮೇಲೆ ನಾನು ಆ ವಾದಕ್ಕೆ ಹೆಚ್ಚು ತೂಕ ಕೊಡಲಾರೆ.

ಜನರೇಟರಿನ ಸಂಗತಿ ಬೇರೆ. ಯಾವ ದಿನ ಬೇಕಾಗುತ್ತದೋ ಗೊತ್ತಿಲ್ಲದ ಯಂತ್ರವನ್ನು ಖಾಲಿ ಇಡುವಂತಿಲ್ಲ, ಪಂಪೂ ಬೇಸಿಗೆಯಲ್ಲಿ ಎರಡು ಮೂರು ಸಲ ಹೊರಬರುತ್ತದೆ. ಸ್ಟೆಬಿಲೈಸರಿಗೆ ಯೋಗ್ಯವಾದ ಜಾಗ ಇದು. ಟ್ಯಾಂಕಿಗೆ ಅಂದೇ ಬಂಕಿನಿಂದ ತಂದ ಪೆಟ್ರೋಲ್, ಅಳತೆಯ ಔಷಧ, ಒಳಗೆ ಗಾಳಿಗೆ ಹೆಚ್ಚು ಜಾಗವಿಲ್ಲದಂತೆ ಕತ್ತಿನ ತುಸು ಕೆಳಗಿನವರೆಗೆ. ಬಳಿಕ ಹತ್ತು ನಿಮಿಷ ಎಂಜಿನ್ ಓಡಿಸಿ ಔಷಧ ಬೆರೆತದ್ದು ಬೌಲ್‌ಗೂ ಜೆಟ್‌ಗೂ ಮುಟ್ಟಬೇಕು. ಇದರ ಹೊರತಾಗಿ ಬಿಡಿ ಕೆಲಸಕ್ಕೆ 2ಟಿ ಆಯಿಲ್ ಬೆರೆಸಿದ ಪೆಟ್ರೋಲ್ ಎರಡು ಲೀಟರ್. ಎಲ್ಲ ಸೇರಿ ಔಷಧ ಬೇಕಾದದ್ದು ಎಂಟು ಲೀಟರಿಗೆ, ಅಂದರೆ 40 ಮಿ.ಲೀ. ಹಾಗಾಗಿ 250ರ ಬದಲು 100 ಮಿ.ಲೀ. ಬಾಟಲಿ ತರಿಸಿದೆವು, ಲೀಟರಿನ ಲೆಕ್ಕಕ್ಕೆ ಅದು ದುಬಾರಿಯಾದರೂ. ತೆರೆದ ಬಾಟಲಿಯೊಳಗಿನ ಆಂಟಿ-ಆಕ್ಸಿಡೆಂಟೂ ಗಾಳಿಗೆ ಸೋಲುತ್ತಲೇ ಇರುತ್ತದೆ, ಆರು ವರ್ಷಕ್ಕಾಗುವಷ್ಟು ತಂದಿಡುವುದು ಉಳಿತಾಯವಲ್ಲ.

ಕ್ಯಾನನ್ನೂ ಬದಲಿಸಿದೆವು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ ಒಟ್ಟು 30 ಲೀಟರ್‌ವರೆಗೆ ಇಟ್ಟುಕೊಳ್ಳಬಹುದು, ಆದರೆ ಬಿಗಿ ಮುಚ್ಚಳದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿ. ಗಾಜು-ಪಿಂಗಾಣಿಯದಾದರೆ ಒಂದು ಲೀಟರ್, ಲೋಹದ್ದಾದರೆ 25 ಲೀಟರ್ ಮಿತಿ. ಕಾಕಾ ಅವರ ನೀಲಿ ಪ್ಲಾಸ್ಟಿಕ್ ಕ್ಯಾನ್ ಇದರಲ್ಲಿ ಎಲ್ಲಿಯೂ ಹೊಂದುತ್ತಿರಲಿಲ್ಲ. ಐದು ಲೀಟರಿನ ಲೋಹದ ಕ್ಯಾನ್ ಎರಡು ಬಂದವು, ಎರಡಕ್ಕೂ ತಂದ ತಾರೀಖು ಬರೆದ ರಟ್ಟಿನ ಚೀಟಿ ಕಟ್ಟಿದೆವು.

ಮರುವರ್ಷ ಜೂನ್‌ನಲ್ಲಿ ನಾನೇ ಅವರ ಶೆಡ್ಡಿಗೆ ಹೋಗಿ ನಿಂತೆ. ಎಂಟೂ ಕಟರ್‌ಗಳು ಹೊಸ ಪೆಟ್ರೋಲಿಗೆ ಚಾಲೂ ಆದವು, ಒಂದು ಮಾತ್ರ ಪ್ರೈಮರ್ ಬಲ್ಬ್ (ಪೆಟ್ರೋಲ್ ಎಳೆದುಕೊಳ್ಳಲು ಒತ್ತುವ ಗುಂಡಿ) ಬಿರುಕುಬಿಟ್ಟದ್ದರಿಂದ ಸತಾಯಿಸಿತು. ಜನರೇಟರ್ ನಾಲ್ಕೂವರೆ ತಿಂಗಳ ಹಿಂದಿನ ಪೆಟ್ರೋಲಿನಲ್ಲಿಯೇ ಎರಡನೇ ಎಳೆತಕ್ಕೆ ಎದ್ದಿತು. ಪಂಪು ಏಳಲಿಲ್ಲ. ಟ್ಯಾಂಕಿನ ಪೆಟ್ರೋಲ್ ತಿಳಿಯಾಗಿತ್ತು, ವಾಸನೆಯೂ ಸರಿಯಿತ್ತು. ಬೌಲ್ ಬಿಚ್ಚಿದರೆ ಅದೇ ಜೇನು ಬಣ್ಣದ ಅಂಟು. ಅಲ್ಲಿದ್ದ ಹುಡುಗನನ್ನು ಕೇಳಿದೆ, ಔಷಧ ಹಾಕಿದ ಮೇಲೆ ಎಂಜಿನ್ ಓಡಿಸಿದ್ದೆಯಾ ಎಂದು. ಅವನು ಕಾಕಾನ ಮುಖ ನೋಡಿದ. ಅಂದು ಊರಿನ ಬಸ್ಸಿಗೆ ಹೊತ್ತಾಗಿತ್ತಂತೆ, ಔಷಧ ಹಾಕಿದವನೇ ಟ್ಯಾಂಕಿನಿಂದ ಪೆಟ್ರೋಲ್ ಇಳಿಯುವ ಕಾಕ್ ಬಂದ್ ಮಾಡಿ ಹೊರಟಿದ್ದ. ಟ್ಯಾಂಕಿನಲ್ಲಿ ಔಷಧವಿತ್ತು, ಬೌಲ್‌ನಲ್ಲಿ ಹಳೆಯದೇ ನಿಂತಿತ್ತು.

ಜೆಟ್ಟನ್ನು ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ವಿದ್ಯುತ್ ವೈರಿನ ಒಂದು ತಾಮ್ರದ ಎಳೆಯನ್ನು ಮೆಲ್ಲಗೆ ತೂರಿಸಿ ತೂತು ಬಿಡಿಸಿದೆ. ಉಕ್ಕಿನ ತಂತಿ ಹಾಕಿದರೆ ತೂತು ಅಗಲವಾಗಿ ಅಳತೆ ಕೆಡುತ್ತದೆ. ಪಂಪು ಶುರುವಾಯಿತು. ಕಾಕಾ ಒಳಗಿನಿಂದ ಹೊಸ ಚೀಟಿಯೊಂದನ್ನು ತಂದು, ಅದರ ಮೇಲೆ ಹುಡುಗನ ಕೈಯಿಂದಲೇ 'ಹತ್ತು ನಿಮಿಷ ಓಡಿಸು' ಎಂದು ಬರೆಯಿಸಿ, ಪಂಪಿನ ಹಿಡಿಕೆಗೆ ತಂತಿಯಿಂದ ಬಿಗಿದರು.